ದೊಡ್ಡ ಗಡಿಯಾರದ ಊರಿನಲ್ಲಿ ಒಂದು ದಿನ

ರಾಜಧಾನಿಗೆ ಹೋಗುವವರಲ್ಲಿ ಎರಡು ಬಗೆ. ಅರ್ಜಿಯನ್ನು ಹಿಡಿದು ಹೋಗುವವರು ಕೆಲವರು. ಹೊಟ್ಟೆಯ ಪಾಡಿಗಾಗಿ ಹೋಗುವವರು ಹಲವರು. ಮೊದಲನೆಯವರು ಗಾಡಿಯಲ್ಲಿ ಕುಳಿತು ಕಚೇರಿಗಳನ್ನು ಕಾಣುತ್ತಾರೆ. ಎರಡನೆಯವರು ಕಾಲ್ನಡಿಗೆಯಲ್ಲಿ ಬೀದಿಗಳನ್ನು ಕಾಣುತ್ತಾರೆ. ಅಂಕೋಲಾ ತಾಲೂಕಿನ ಅಗಸೂರಿನ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು 2019ರ ಡಿಸೆಂಬರಿನಲ್ಲಿ ಮುಂಬಯಿಯನ್ನು ಒಂದು ಇಡೀ ದಿನ ನಡೆದು ನೋಡಿದಾಗ ಅವರ ಕೈಯಲ್ಲಿ ಅರ್ಜಿ ಇರಲಿಲ್ಲ. ಹೊಟ್ಟೆಯ ಚಿಂತೆಯೂ ಇರಲಿಲ್ಲ. ಇದ್ದುದು ಅಂಗಿಯ ಕಿಸೆಯಲ್ಲಿ ಒಂದು ಹಳೆಯ ಅಂಚೆ ಕಾರ್ಡು ಮಾತ್ರ.

ಉತ್ತರ ಕನ್ನಡ ಜಿಲ್ಲೆಯವರಿಗೆ ಮುಂಬಯಿ ಪರರಾಜ್ಯದ ಪಟ್ಟಣವಾದದ್ದು ಇತ್ತೀಚಿನ ಮಾತು. 1862ರಲ್ಲಿ ಈ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಮೆರಿಕೆಯ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ದೊರೆಯದಾದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಹವಣಿಕೆ ಆ ಬದಲಾವಣೆಯ ಹಿಂದೆ ಇದ್ದಿತು. ಅಂದಿನಿಂದ 1956ರ ಅಕ್ಟೋಬರ್ ಕೊನೆಯವರೆಗೆ, ಅಂದರೆ 94 ವರ್ಷಗಳ ಕಾಲ, ಅಗಸೂರಿನಂಥ ಘಟ್ಟದ ಬುಡದ ಹಳ್ಳಿಗೂ ಮುಂಬಯಿಯೇ ರಾಜಧಾನಿ. ಕಾರವಾರದ ನ್ಯಾಯಾಲಯದಲ್ಲಿ ಸೋತವರು ಮೇಲ್ಮನವಿಗೆ ನೋಡುತ್ತಿದ್ದುದು ಅಲ್ಲಿಯ ಉಚ್ಚ ನ್ಯಾಯಾಲಯವನ್ನು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟುವವರೆಗೆ ಈ ಕಡೆಯ ಪದವೀಧರರ ಪ್ರಮಾಣಪತ್ರಗಳ ಮೇಲೆ ಇರುತ್ತಿದ್ದುದು ಅಲ್ಲಿಯ ವಿಶ್ವವಿದ್ಯಾಲಯದ ಮುದ್ರೆ. ಅಕ್ಷರ ಬಲ್ಲವರು ಆ ಊರನ್ನು ಮುದ್ರೆಯಿಂದ ಬಲ್ಲವರಾಗಿದ್ದರು. ಅಕ್ಷರ ಬಾರದವರು ಹಡಗು ಹತ್ತಿ ಅಲ್ಲಿಗೇ ಹೋಗಿಬಿಡುತ್ತಿದ್ದರು.

ಮಾಸ್ತರರ ತಂದೆ ಹಾಗೆ ಹೋದವರಲ್ಲಿ ಒಬ್ಬರು. ಮಗನು ತೊಟ್ಟಿಲಲ್ಲಿದ್ದಾಗ, 1948ರಲ್ಲಿ, ಅವರು ಕೋಟೆ ಭಾಗದ ಒಂದು ಓಣಿಯ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವ ಕೆಲಸಕ್ಕೆ ನಿಂತರು. ಕೆಲಸ ಅದೇ ಇರುತ್ತ ಅವರ ರಾಜಧಾನಿಯು ಬದಲಾಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ, ರಾಜಧಾನಿಯಲ್ಲಿ ದುಡಿಯುತ್ತಿದ್ದ ಆ ಮನುಷ್ಯ ಒಂದೇ ರಾತ್ರಿಯಲ್ಲಿ ಪರಸ್ಥಳದವನಾದ. ಹೋಟೆಲಿನ ಹುಡುಗರಿಗಾಗಿ ಅಲ್ಲಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸುತ್ತಿದ್ದರು. ಮೂವತ್ತು ದಾಟಿದ ವಯಸ್ಸಿನಲ್ಲಿ ಅವರು ಅಂಥದೊಂದು ಶಾಲೆಗೆ ಹೋಗಿ ಸ್ಲೇಟು ಹಿಡಿದರು. 1958ರಲ್ಲಿ, ಹತ್ತು ವರ್ಷಗಳ ಮೇಲೆ, ಸ್ವಂತ ಕೈಯಿಂದ ಬರೆದ ಮೊದಲನೆಯ ಕಾರ್ಡನ್ನು ಊರಿಗೆ ಹಾಕಿದರು.

ಕಾರ್ಡಿನಲ್ಲಿ ಇದ್ದುದು ಆರೇ ಸಾಲು. ತಾನು ಕ್ಷೇಮ, ಹಣ ಕಳಿಸಿದ್ದೇನೆ, ಇಲ್ಲಿ ಒಂದು ‘ಧೊಡ್ಡ ಘಡಿಯಾರ’ ಇದೆ, ನೀನು ಪರೀಕ್ಷೆ ಮುಗಿಸಿ ಬಂದರೆ ಊರೆಲ್ಲ ನಡೆಸಿ ತೋರಿಸುತ್ತೇನೆ. ಮಗನಿಗೆ ಆಗ ಹನ್ನೊಂದು ವರ್ಷ. ತರಗತಿಗೆ ಮೊದಲಿಗ. ಮಾಸ್ತರರು ವಹಿಗಳನ್ನು ತಿದ್ದುವುದನ್ನು ದಿನವೂ ಕಂಡು ಕಂಡು, ತಾನೂ ತಿದ್ದಬೇಕೆಂಬ ಉಮೇದು. ಅವನು ಕೆಂಪು ಶಾಯಿಯಲ್ಲಿ ಆರು ಸಾಲಿನ ಒಂಬತ್ತು ತಪ್ಪುಗಳಿಗೆ ಸುತ್ತುಹಾಕಿ, ಸರಿಯಾದ ರೂಪವನ್ನು ಮೇಲೆ ಬರೆದು, ಕೆಳಗೆ ‘ಮೂರು ಸಲ ಬರೆ’ ಎಂದು ಅಪ್ಪಣೆ ಮಾಡಿ, ಕಾರ್ಡನ್ನು ಲಕೋಟೆಯಲ್ಲಿಟ್ಟು ತಂದೆಗೇ ಮರಳಿಸಿದ. ಬೇರೆ ಉತ್ತರವನ್ನು ಬರೆಯಲಿಲ್ಲ. ಓದು ಬಾರದ ತಾಯಿಗೆ ಲಕೋಟೆಯೊಳಗೆ ಏನಿದೆಯೆಂದು ತಿಳಿಯಲೂ ಇಲ್ಲ.

ಆ ಬಳಿಕ ತಂದೆಯ ಕೈಬರಹದ ಪತ್ರ ಬರಲಿಲ್ಲ. ಮನಿಆರ್ಡರು ತಿಂಗಳು ತಪ್ಪದೆ ಬಂದಿತು. ಅದರ ಚೀಟಿಯಲ್ಲಿ ಬೇರೆ ಯಾರದೋ ದುಂಡು ಅಕ್ಷರ. ಆ ಹಣದಿಂದಲೇ ಮಗನು ಓದಿದ; 1969ರಲ್ಲಿ ತಾನೇ ಮಾಸ್ತರನಾದ. ತಂದೆ ಮುದುಕರಾಗಿ ಊರಿಗೆ ಮರಳಿ ಕೆಲವು ವರ್ಷ ಮನೆಯಲ್ಲಿಯೇ ಇದ್ದರು. ಅಂಗಳದಲ್ಲಿ ಮೊಮ್ಮಗಳನ್ನು ಆಡಿಸಿದರು. ಕಾರ್ಡಿನ ಮಾತನ್ನು ಅವರು ಎತ್ತಲಿಲ್ಲ, ಇವರೂ ಕೇಳಲಿಲ್ಲ. 1989ರಲ್ಲಿ ಅವರು ತೀರಿಕೊಂಡ ಮೇಲೆ ತಗಡಿನ ಪೆಟ್ಟಿಗೆಯನ್ನು ತೆರೆದಾಗ, ಮಡಿಸಿದ ಪಂಚೆಯ ಕೆಳಗೆ ಆ ಕಾರ್ಡು ಇದ್ದಿತು. ಕೆಂಪು ಶಾಯಿ ಮಾಸಿತ್ತು. ಅಂಚಿನ ಖಾಲಿ ಜಾಗದಲ್ಲಿ, ಸೀಸದ ಕಡ್ಡಿಯಲ್ಲಿ, ಒಂಬತ್ತು ಪದಗಳನ್ನೂ ಮೂರು ಮೂರು ಸಲ ಬರೆದಿದ್ದರು.

ಮೂವತ್ತಾರು ವರ್ಷ ಮಕ್ಕಳ ವಹಿಗಳನ್ನು ತಿದ್ದಿ ನಿವೃತ್ತರಾದ ಮಾಸ್ತರರಿಗೆ ಆ ಸೀಸದ ಕಡ್ಡಿಯ ಅಕ್ಷರಗಳು ತಿದ್ದಲಾಗದ ಒಂದು ಲೆಕ್ಕವಾಗಿ ಉಳಿದವು. ಅದು ತಂದೆಯ ನೋವೋ, ವಿನಯವೋ, ಅಥವಾ ಮಗನು ಇಷ್ಟು ಕಲಿತನಲ್ಲಾ ಎಂಬ ಹೆಮ್ಮೆಯೋ? ಮಗಳು ಮದುವೆಯಾಗಿ ಡೊಂಬಿವಲಿಗೆ ಹೋಗಿ ಹನ್ನೆರಡು ವರ್ಷಗಳಾದವು. ಕರೆದಾಗಲೆಲ್ಲ ಅಡಕೆಯ ಕೊಯ್ಲು, ಮದುವೆ, ಮಳೆ ಎಂದು ನೆವ ಹೇಳುತ್ತಿದ್ದವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊಣಕಾಲು ಇನ್ನೂ ಮಾತು ಕೇಳುತ್ತಿರುವಾಗಲೇ ಹೊರಟರು. ಹಡಗಿನ ಕಾಲ ಎಂದೋ ಮುಗಿದಿತ್ತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯು ಅಂಕೋಲೆಯ ಬಾಗಿಲಿಗೇ ಬಂದಿತ್ತು.

“ಅಪ್ಪಾ, ನೋಡುವುದಿದ್ದರೆ ಟ್ಯಾಕ್ಸಿ ಮಾಡಿಕೊ. ಆ ಗರ್ದಿಯಲ್ಲಿ ನಡೆಯಬೇಡ,” ಎಂದು ಮಗಳು ಹೇಳಿದಳು. “ನಡೆದೇ ನೋಡುವುದು ಮಗಾ. ಅಪ್ಪ ಹಾಗೆಯೇ ಹೇಳಿದ್ದ,” ಎಂದರು. ಅವಳಿಗೆ ಅರ್ಥವಾಗಲಿಲ್ಲ. ನೀರಿನ ಬಾಟಲಿಯನ್ನೂ ಮಡಿಸಿದ ಚಪಾತಿಯನ್ನೂ ಚೀಲಕ್ಕೆ ಹಾಕಿಕೊಟ್ಟಳು.

ಅಳಿಯನು ಬೆಳಗಿನ ಲೋಕಲ್ ಗಾಡಿಯಲ್ಲಿ ಅವರನ್ನು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗೆ ತಂದು ಬಿಟ್ಟು, ತನ್ನ ಕಚೇರಿಗೆ ಹೋದ. ತಂದೆಯ ಬಾಯಲ್ಲಿ ಅದು ‘ಬೋರಿಬಂದರು’. 1878ರಲ್ಲಿ ಆರಂಭವಾಗಿ ಹತ್ತು ವರ್ಷಗಳಲ್ಲಿ ಎದ್ದು ನಿಂತ ಈ ನಿಲ್ದಾಣವು 2004ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಮಾಸ್ತರರು ಗೋಪುರವನ್ನು ನೋಡಲು ತಲೆಯೆತ್ತಿ ನಿಂತರೆ ಹಿಂದಿನ ಜನರು ನಿಲ್ಲಗೊಡಲಿಲ್ಲ. ಗಂಗಾವಳಿಯಲ್ಲಿ ಆಷಾಢದ ನೀರು ಬಂದಾಗ ದಡದ ಕಡ್ಡಿ ಹೇಗೆ ಹೋಗುವುದೋ ಹಾಗೆ ಅವರು ಹೊರಗಿನ ಬೀದಿಗೆ ಬಂದು ಬಿದ್ದರು. 2011ರ ಜನಗಣತಿಯಂತೆ ಉತ್ತರ ಕನ್ನಡದ ಹತ್ತು ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರಿನಲ್ಲಿ ಇರುವವರು ಸುಮಾರು 14 ಲಕ್ಷ ಜನ. ಬೃಹನ್ಮುಂಬಯಿಯ ಸುಮಾರು 600 ಚದರ ಕಿಲೋಮೀಟರಿನಲ್ಲಿ 1 ಕೋಟಿ 24 ಲಕ್ಷ. ಇಂಥ ಅಂಕಿಗಳನ್ನು ಅವರು ಭೂಗೋಲದ ಪಾಠದಲ್ಲಿ ಹೇಳುತ್ತಿದ್ದವರ ಪೈಕಿಯೇ. ಅಂಕಿಗಳಿಗೆ ಮೊಣಕೈಗಳಿರುತ್ತವೆಂಬುದು ಅಂದು ತಿಳಿಯಿತು.

ಮೊದಲು ಕ್ರಾಫರ್ಡ್ ಮಾರುಕಟ್ಟೆಯನ್ನು ಕಂಡರು. 1869ರಲ್ಲಿ ಪೂರ್ಣಗೊಂಡ ಈ ಪೇಟೆಗೆ ಈಗ ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರು. ಬಾಗಿಲ ಮೇಲಿನ ಕಲ್ಲಿನಲ್ಲಿ ಒಕ್ಕಲುತನದ ದೃಶ್ಯಗಳನ್ನು ಕೆತ್ತಲಾಗಿದೆ. ಅವುಗಳ ವಿನ್ಯಾಸವನ್ನು ಮಾಡಿದವರು ಲಾಕ್‌ವುಡ್ ಕಿಪ್ಲಿಂಗ್. ಕಲ್ಲಿನ ರೈತರು ಮೇಲೆ ನಿಂತಿದ್ದರು. ಕೆಳಗೆ ತಲೆಯ ಮೇಲೆ ಬುಟ್ಟಿ ಹೊತ್ತ ಹಮಾಲರು ಓಡುತ್ತಿದ್ದರು. ತಂದೆಯು ಬೆಳಗಿನ ಜಾವ ಹೋಟೆಲಿನ ಕಾಯಿಪಲ್ಲೆ ತರಲು ಇಲ್ಲಿಗೆ ಬರುತ್ತಿದ್ದರಂತೆ. ಮರಳುವಾಗ ಟ್ರಾಮಿನ ಕಾಸನ್ನು ಉಳಿಸಿ ಮೂಟೆ ಹೊತ್ತು ನಡೆಯುತ್ತಿದ್ದರಂತೆ. ಟ್ರಾಮು 1964ರ ಮಾರ್ಚ್ ಕೊನೆಗೆ ನಿಂತುಹೋಯಿತು. ಹಾಗೆ ಉಳಿದ ಕಾಸು ಮಾತ್ರ ಅಗಸೂರಿನಲ್ಲಿ ಪಾಟಿ, ಪುಸ್ತಕ, ಪರೀಕ್ಷೆಯ ಫೀ ಆಗಿ ಖರ್ಚಾಗಿತ್ತು.

ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಿನಲ್ಲಿ ದಕ್ಷಿಣಕ್ಕೆ ನಡೆದರು. ನೆರಳಿಡೀ ಅಂಗಡಿ, ಅಂಗಡಿಗಳ ನಡುವೆ ಒಬ್ಬನೇ ದಾಟಬಹುದಾದ ದಾರಿ. ರಸ್ತೆಯಲ್ಲಿ ನೆಲದಡಿಯ ಮೆಟ್ರೋ ರೈಲಿಗಾಗಿ ಅಗೆತ ನಡೆದು ತಗಡಿನ ಬೇಲಿಗಳು ನಿಂತಿದ್ದವು. ಕಾರ್ಡಿನ ಮೇಲಿದ್ದ ಓಣಿಯ ಹೆಸರನ್ನು ಕೇಳುತ್ತ ಕೇಳುತ್ತ ಒಳಹೊಕ್ಕರು. ಓಣಿ ಸಿಕ್ಕಿತು, ಹೋಟೆಲು ಸಿಗಲಿಲ್ಲ. ಆ ಸಂಖ್ಯೆಯ ಮಳಿಗೆಯಲ್ಲಿ ಕಾಗದಪತ್ರಗಳ ನೆರಳಚ್ಚು ತೆಗೆಯುವ ಯಂತ್ರ ಮಿನುಗುತ್ತಿತ್ತು. ಬರೆದದ್ದನ್ನು ಇದ್ದ ಹಾಗೆಯೇ, ತಪ್ಪು ಸಹಿತ, ನೂರು ಪ್ರತಿ ಮಾಡಿ ಕೊಡುವ ಯಂತ್ರ. ಮಾಸ್ತರರು ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು.

ಓಣಿಯ ತುದಿಯಲ್ಲಿ ಒಂದು ಉಡುಪಿ ಹೋಟೆಲು ಇನ್ನೂ ನಡೆದಿತ್ತು. ಗಲ್ಲೆಯ ಮೇಲೆ ಕುಳಿತಿದ್ದ ವೃದ್ಧರು ಕುಂದಾಪುರದ ಕಡೆಯವರು. ಮಾಸ್ತರರ ಪಂಚೆಯನ್ನು ನೋಡಿಯೇ ಕನ್ನಡದಲ್ಲಿ ಮಾತನಾಡಿಸಿದರು. ಹಳೆಯ ಹೋಟೆಲಿನ ನೆನಪು ಅವರಿಗೆ ಇರಲಿಲ್ಲ. ರಾತ್ರಿಶಾಲೆಯ ನೆನಪು ಇತ್ತು.

“ನಾನೂ ಅಲ್ಲಿಯೇ ಕಲಿತವನು, ಮಾಸ್ತ್ರೇ. ಕೈಯೆಲ್ಲ ಸೋಡಾಪುಡಿಯಿಂದ ಸುಲಿದಿರುತ್ತಿತ್ತು. ಸೀಸದ ಕಡ್ಡಿ ಹಿಡಿದರೆ ಉರಿಯುತ್ತಿತ್ತು. ಹಗಲು ಶಾಲೆಯ ಮಕ್ಕಳಿಗೆ ತಪ್ಪು ಮಾಡುವುದಕ್ಕೂ ಪುರಸೊತ್ತು ಉಂಟು. ನಮಗೆ ಅದೂ ಇರಲಿಲ್ಲ.”

ಮಾಸ್ತರರು ಚಹವನ್ನು ಕುಡಿದು ಮುಗಿಸಿ, ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟರು.

ಮುಂದೆ ಹುತಾತ್ಮಾ ಚೌಕ. ಅಲ್ಲಿರುವುದು ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮಡಿದವರ ಸ್ಮಾರಕ. ಅದರ ಹತ್ತಿರದಲ್ಲಿಯೇ 1864ರ ಫ್ಲೋರಾ ಕಾರಂಜಿ. ಆ ಚಳವಳಿಯ ಫಲವಾಗಿ 1960ರ ಮೇ 1ರಂದು ಮುಂಬಯಿ ಹೊಸ ಮಹಾರಾಷ್ಟ್ರದ ರಾಜಧಾನಿಯಾಯಿತು. ಅಲ್ಲಿಂದ ಪೂರ್ವಕ್ಕೆ ಹೊರಳಿದರೆ 1833ರ ಟೌನ್ ಹಾಲ್. ಏಶಿಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಅದರಲ್ಲಿಯೇ. ಅಗಲವಾದ ಕಲ್ಲು ಮೆಟ್ಟಿಲುಗಳ ಮೇಲೆ ಕಾಲೇಜಿನ ಹುಡುಗ ಹುಡುಗಿಯರು ಕುಳಿತು ಓದುತ್ತಿದ್ದರು. ಮಾಸ್ತರರೂ ಒಂದು ಮೆಟ್ಟಿಲ ಮೇಲೆ ಕುಳಿತು ಚಪಾತಿಯ ಗಂಟನ್ನು ಬಿಚ್ಚಿದರು.

ಕುಳಿತಲ್ಲಿ ಅವರಿಗೆ ಈ ನೆಲದ ಕಥೆ ನೆನಪಾಯಿತು. ಇದು ಒಂದು ದ್ವೀಪವಲ್ಲ, ಏಳು ದ್ವೀಪ. ಪೋರ್ತುಗೀಜರು ತಮ್ಮ ರಾಜಕುಮಾರಿ ಕ್ಯಾಥರೀನಳ ಮದುವೆಯ 1661ರ ಒಪ್ಪಂದದಲ್ಲಿ ಇದನ್ನು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಕೊಟ್ಟರು. ದೊರೆ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಕಂಪನಿಗೆ ವಹಿಸಿದ. ಮುಂದೆ ಎರಡು ಶತಮಾನಗಳ ಕಾಲ ಕಲ್ಲು ಮಣ್ಣು ತುಂಬಿ ಏಳನ್ನು ಒಂದು ಮಾಡಿದರು. ಉತ್ತರದ ಸಾಲ್ಸೆಟ್ ದ್ವೀಪಕ್ಕೆ ದಾಟಲು 1845ರಲ್ಲಿ ಆದ ಮಾಹಿಮ್ ಸೇತುಮಾರ್ಗಕ್ಕೆ ಜಮ್ಶೇಟ್‌ಜೀ ಮನೆತನದ ಆವಾಬಾಯಿಯವರು 1,57,000 ರೂಪಾಯಿಗಳನ್ನು ಕೊಟ್ಟರು. ಅವರು ಹಾಕಿದ ಕರಾರು, ದಾಟುವವರಿಂದ ಸುಂಕ ವಸೂಲು ಮಾಡಬಾರದು ಎಂಬುದು. ದಾನವು ದಾರಿಯಾಗಿ ಉಳಿಯುವುದೆಂದರೆ ಹೀಗೆ: ಮೇಲೆ ನಡೆದುಹೋಗುವ ಬಡವನಿಗೆ ದಾನಿಯ ಹೆಸರು ತಿಳಿಯದಿದ್ದರೂ ಅವನ ಕಾಲು ಒದ್ದೆಯಾಗುವುದಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಗೇಟ್‌ವೇ ಆಫ್ ಇಂಡಿಯಾದವರೆಗೆ ಹೋದರು. 1924ರಲ್ಲಿ ಪೂರ್ಣಗೊಂಡ ಈ ಹಳದಿ ಕಲ್ಲಿನ ಮಹಾದ್ವಾರದ ಮೂಲಕವೇ ಬ್ರಿಟಿಷರ ಕೊನೆಯ ದಂಡು 1948ರ ಫೆಬ್ರವರಿ 28ರಂದು ಹಡಗಿಗೆ ಹೋಯಿತು. ಅದೇ ವರ್ಷ ಅಗಸೂರಿನ ಒಬ್ಬನು ಈ ಊರಿಗೆ ಬಂದು ಇಳಿದನು. ಒಬ್ಬರು ಹೋದ ಸುದ್ದಿ ಇತಿಹಾಸದ ಪುಸ್ತಕದಲ್ಲಿದೆ. ಇನ್ನೊಬ್ಬನು ಬಂದ ಸುದ್ದಿ ತಗಡಿನ ಪೆಟ್ಟಿಗೆಯಲ್ಲಿದೆ. ಕಡಲ ಗೋಡೆಯ ಬಳಿ ಛಾಯಾಚಿತ್ರದವರು, ಕಡಲೆಕಾಯಿಯವರು, ದೋಣಿಯ ಚೀಟಿಯವರು. ಉಪ್ಪು ಗಾಳಿಯೊಂದು ಮಾತ್ರ ಕಾರವಾರದ ತೀರದ್ದೇ ಆಗಿತ್ತು.

ಇನ್ನು ಉಳಿದದ್ದು ಗಡಿಯಾರ. ದಣಿವಿನಿಂದ ದಿಕ್ಕು ತಪ್ಪಿದ ಮಾಸ್ತರರು ವಸ್ತುಸಂಗ್ರಹಾಲಯದ ಬಳಿ, ಬುಟ್ಟಿಯಲ್ಲಿ ಪೇರಲಹಣ್ಣು ಇಟ್ಟುಕೊಂಡಿದ್ದ ಒಬ್ಬ ಮುದುಕಿಯನ್ನು ತಮ್ಮ ಹಿಂದಿಯಲ್ಲಿ ಕೇಳಿದರು: “ಬಡಾ ಘಡಿ ಕಿಧರ್ ಹೈ?”

ಅವಳು ಹಣ್ಣಿಗೆ ಉಪ್ಪು ಸವರುತ್ತಲೇ, “ಬಡೀ ಘಡೀ? ಸೀಧಾ ಜಾಓ, ಬಾಬಾ. ವೋ ರಹೀ ಬಡೀ ಘಡೀ,” ಎಂದು ಕೈ ತೋರಿಸಿದಳು.

ಮಾಸ್ತರರು ಎರಡು ಹೆಜ್ಜೆ ಹೋಗಿ ನಿಂತರು. ತಾವು ಆಡಿದ್ದು ತಪ್ಪು. ಹಿಂದಿಯಲ್ಲಿ ಗಡಿಯಾರವು ಸ್ತ್ರೀಲಿಂಗ. ಅವಳು ತಪ್ಪೆಂದು ಹೇಳಲಿಲ್ಲ, ನಗಲಿಲ್ಲ, ಮೂರು ಸಲ ಆಡೆನ್ನಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಸರಿಯಾದ ಮಾತು ಉತ್ತರದ ಒಳಗೇ ಇತ್ತು. ಬೇಕಾದವನು ತೆಗೆದುಕೊಳ್ಳಲಿ, ಬೇಡದವನು ದಾರಿ ಹಿಡಿದು ಹೋಗಲಿ ಎಂಬಂತೆ. ಶಿಕ್ಷಕರ ತರಬೇತಿಯಲ್ಲಿಯೂ ಮೂವತ್ತಾರು ವರ್ಷಗಳ ಸೇವೆಯಲ್ಲಿಯೂ ದೊರೆಯದ ಒಂದು ಪಾಠವನ್ನು ಅಕ್ಷರ ಬಲ್ಲಳೋ ಇಲ್ಲವೋ ತಿಳಿಯದ ಆ ಹೆಂಗಸು ಹಣ್ಣು ಹೆಚ್ಚುತ್ತ ಹೇಳಿಕೊಟ್ಟಿದ್ದಳು.

ಅಷ್ಟೇ ಅಲ್ಲ. ಅವಳ ‘ಘ’ಕಾರ ಅವರ ಕಿವಿಯಲ್ಲಿ ನಿಂತಿತು. ಹಿಂದಿಯವರ ಘಡೀ, ಮರಾಠಿಯವರ ಘಡ್ಯಾಳ, ನಮ್ಮ ಗಳಿಗೆ ಮತ್ತು ಗಡಿಯಾರ, ಎಲ್ಲವೂ ಸಂಸ್ಕೃತದ ಘಟಿಕಾ ಎಂಬ ಒಂದೇ ತಾಯಿಯ ಮಕ್ಕಳು. ತಂದೆಯು ‘ಘಡಿಯಾರ’ ಎಂದು ಬರೆದದ್ದು ಅಜ್ಞಾನದಿಂದಲ್ಲ. ಹತ್ತು ವರ್ಷ ಈ ಬೀದಿಯಲ್ಲಿ ಕಿವಿಗೆ ಬಿದ್ದುದನ್ನು ಕೈ ನಂಬಿತ್ತು. ಹನ್ನೊಂದು ವರ್ಷದ ಪಂಡಿತನು ಸುತ್ತುಹಾಕಿದ್ದು ತಪ್ಪಿಗಲ್ಲ, ಹತ್ತು ವರ್ಷಗಳ ಬದುಕಿಗೆ.

ಓವಲ್ ಮೈದಾನದ ಅಂಚಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಎದುರಿಗೆ ರಾಜಾಬಾಯಿ ಗೋಪುರ: 1878ರಲ್ಲಿ ಪೂರ್ಣಗೊಂಡದ್ದು, 280 ಅಡಿ ಎತ್ತರ. ಹತ್ತಿಯ ವ್ಯಾಪಾರದಿಂದ ಶ್ರೀಮಂತರಾದ ಪ್ರೇಮಚಂದ ರಾಯಚಂದರು ವಿಶ್ವವಿದ್ಯಾಲಯಕ್ಕೆ ಹಣವನ್ನು ಕೊಟ್ಟು, ಇದಕ್ಕೆ ತಮ್ಮ ತಾಯಿಯ ಹೆಸರನ್ನು ಇಡಿಸಿದರು. ತಾಯಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಜೈನ ಧರ್ಮದಂತೆ ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡಬೇಕಾದ ಅವರಿಗೆ ಈ ಗಂಟೆಯ ನಾದವೇ ಹೊತ್ತು ತಿಳಿಸುತ್ತಿತ್ತು ಎಂದು ಜನ ಹೇಳುತ್ತಾರೆ. ಕಾಣದ ತಾಯಿಗಾಗಿ ಕೇಳುವ ಗಡಿಯಾರ. ಮಗನಾದವನು ಮಾಡಬೇಕಾದದ್ದು ಇದು ಎಂದು ಮಾಸ್ತರರಿಗೆ ಅನಿಸಿತು: ಹೆತ್ತವರಲ್ಲಿ ಇಲ್ಲದ್ದನ್ನು ಎತ್ತಿ ತೋರಿಸುವುದಲ್ಲ, ಅದು ಇಲ್ಲದಿದ್ದರೂ ಅವರ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು. ಗಂಟೆ ಬಾರಿಸಿತು. ಅವರು ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದು, ನಾದ ಮುಗಿಯುವವರೆಗೆ ನಿಂತರು.

ಬಂದ ದಾರಿಯಲ್ಲಿಯೇ ಉತ್ತರಕ್ಕೆ ನಡೆದು ನಿಲ್ದಾಣದ ಮಗ್ಗುಲಿನ ಪ್ರಧಾನ ಅಂಚೆ ಕಚೇರಿಯನ್ನು ಸೇರಿದರು. 1913ರಿಂದ ಬಳಕೆಯಲ್ಲಿರುವ ಈ ಕಟ್ಟಡದ ದೊಡ್ಡ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಳಗುಮ್ಮಟ. ಊರಿನ ಕಡೆಯ ಪತ್ರವನ್ನು ಹಾಕಲು ಬಂದ ಎಷ್ಟು ಕನ್ನಡಿಗರು ಇದರ ಕೆಳಗೆ ನಿಂತಿರಬೇಕು! ಮಾಸ್ತರರು ಐವತ್ತು ಪೈಸೆಯ ಒಂದು ಕಾರ್ಡನ್ನು ಕೊಂಡು, ಎತ್ತರದ ಮೇಜಿಗೆ ಮೊಣಕೈ ಊರಿ, ಅಗಸೂರಿನ ತಮ್ಮ ಮನೆಯ ವಿಳಾಸಕ್ಕೆ, ತಂದೆಯ ಹೆಸರಿಗೆ ಬರೆದರು:

“ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು. ನಿಮ್ಮ ಕಾರ್ಡು ತಲುಪಿತು. ಪರೀಕ್ಷೆ ಮುಗಿಯಿತು. ನೀವು ಹೇಳಿದ ದೊಡ್ಡ ಗಡಿಯಾರವನ್ನು ನಡೆದುಕೊಂಡೇ ಹೋಗಿ ನೋಡಿದೆನು. ಗಂಟೆಯನ್ನೂ ಕೇಳಿದೆನು.”

1958ರಲ್ಲಿ ಬರೆಯಬೇಕಾಗಿದ್ದ ಉತ್ತರ ಅದು. ಸರಿಯಾದ ಪದಗಳು ಅದರ ಒಳಗೇ ಇದ್ದವು.

ಮೂರು ತಿಂಗಳಲ್ಲಿ ಮಹಾಮಾರಿಯ ಕಾಲ ಬಂದು ಅದೇ ಬೀದಿಗಳು ಬರಿದಾದವು; ದುಡಿಯಲು ಹೋದವರು ನಡೆದುಕೊಂಡೇ ತಮ್ಮ ಊರುಗಳತ್ತ ಹೊರಟ ಸುದ್ದಿಯನ್ನು ಮಾಸ್ತರರು ಮನೆಯಲ್ಲಿ ಕುಳಿತು ಕೇಳಿದರು. ಅವರು ಊರಿಗೆ ಮರಳಿದ ನಾಲ್ಕನೆಯ ದಿನ ಆ ಕಾರ್ಡು ಬಂದಿತ್ತು. ಹೊಸಬನಾದ ಅಂಚೆಯಣ್ಣ ಹೆಸರನ್ನು ಓದಿ, “ಇವರು ಯಾರು, ಮಾಸ್ತರೇ? ಈ ಮನೆಯಲ್ಲಿ ಇದ್ದಾರೆಯೇ?” ಎಂದು ಕೇಳಿದ್ದ. “ಇದ್ದಾರೆ, ಕೊಡು,” ಎಂದು ಮಾಸ್ತರರು ಕೈ ಚಾಚಿದ್ದರು. ಈಗ ತಗಡಿನ ಪೆಟ್ಟಿಗೆಯಲ್ಲಿ ಕಾರ್ಡುಗಳು ಎರಡು. ಓಣಿಯ ಮಕ್ಕಳು ಸಂಜೆ ಅವರ ಜಗುಲಿಗೆ ಪಾಠಕ್ಕೆ ಬರುತ್ತಾರೆ. ಅಲ್ಲಿ ಕೆಂಪು ಶಾಯಿಯ ಬಾಟಲಿ ಕಾಣುವುದಿಲ್ಲ. ಮಕ್ಕಳು ಬರೆದುದಕ್ಕೆ ಮಾಸ್ತರರು ಮೊದಲು ಉತ್ತರ ಬರೆಯುತ್ತಾರೆ.